ಈ ಸ್ಪಂಜು ಹೊಸದು ಅಂತ ಹೇಳೋದು ಯಾರು? ಎಐ ಎಲ್ಲಿ ನೆರವಾಗುತ್ತದೆ, ಎಲ್ಲಿ ಎಡವುತ್ತದೆ

2025ರ ಕೊನೆಯ ತಿಂಗಳುಗಳಲ್ಲಿ ಒಂದು ವಿಚಿತ್ರ ಚಿತ್ರ ಸುದ್ದಿಗಳಲ್ಲಿ ಓಡಾಡಿತು. ಕಗ್ಗತ್ತಲ ನೀರಿನಲ್ಲಿ ಸಣ್ಣ ಕಡ್ಡಿಗಳು, ಪ್ರತಿ ಕಡ್ಡಿಯ ತುದಿಗೂ ಒಂದು ಬಿಳಿ ಗುಂಡು. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದಲ್ಲಿ, ಸುಮಾರು 3,600 ಮೀಟರ್ ಆಳದಲ್ಲಿ ಸಿಕ್ಕ ಮಾಂಸಾಹಾರಿ ಸ್ಪಂಜು ಅದು. ಕಡಲ ಜೀವಿಗಳನ್ನು ಹುಡುಕುವ 'ಓಷನ್ ಸೆನ್ಸಸ್' ಯೋಜನೆಯವರು ಅದನ್ನು ಪ್ರಕಟಿಸಿದ್ದರು. 'ಸಾವಿನ ಚೆಂಡು' ಅಂತ ಅಡ್ಡಹೆಸರೂ ಬಿತ್ತು.

ಅಡ್ಡಹೆಸರು ತಕ್ಷಣ ಸಿಕ್ಕಿತು. ಆದರೆ ಪ್ರಕಟಣೆಯಲ್ಲಿ ಅದರ ಪ್ರಭೇದದ ಹೆಸರೇ ಇರಲಿಲ್ಲ. 'ಕಾಂಡ್ರೊಕ್ಲಾಡಿಯಾ' ಎಂಬ ಕುಲದ ಹೆಸರಿತ್ತು, ಪಕ್ಕದಲ್ಲಿ 'ಹೊಸ ಪ್ರಭೇದ' ಅಂತ ಮಾತ್ರ ಇತ್ತು. ಹೊಸದು ಅಂತ ಗೊತ್ತಾದ ಮೇಲೂ ಹೆಸರಿಡೋಕೆ ಏನು ತೊಂದರೆ? ಫೋಟೋ ತೋರಿಸಿದರೆ ಹೂವು, ಹಕ್ಕಿ ಎಲ್ಲ ಗುರುತಿಸುವ ಎಐ ಈಗ ಫೋನಿನಲ್ಲೇ ಇದೆಯಲ್ಲ, ಸ್ಪಂಜಿಗೆ ಯಾಕೆ ಆಗಲ್ಲ? ಈ ಎರಡು ಪ್ರಶ್ನೆಗಳಿಗೂ ಉತ್ತರ ಸ್ಪಂಜಿನ ಮೈಯೊಳಗೇ ಇದೆ. ಅಲ್ಲಿಂದಲೇ ಶುರು ಮಾಡೋಣ.

## ಸ್ಪಂಜು ಅಂದರೆ ಪ್ರಾಣಿ

ಸ್ಪಂಜಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ನರಗಳಿಲ್ಲ. ಬಂಡೆಗೆ ಅಂಟಿಕೊಂಡು ಒಂದೇ ಕಡೆ ಇರುತ್ತದೆ. ಹಾಗಾಗಿ ಇದು ಗಿಡವೋ ಪ್ರಾಣಿಯೋ ಅನ್ನುವ ಗೊಂದಲ ಬಹಳ ಕಾಲ ಇತ್ತು. 1820ರ ದಶಕದಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಗ್ರಾಂಟ್ ಜೀವಂತ ಸ್ಪಂಜನ್ನು ನೀರಿನಲ್ಲಿಟ್ಟು ಗಮನಿಸಿದರು. ಮೈಮೇಲಿನ ಸಣ್ಣ ತೂತುಗಳಿಂದ ನೀರು ಒಳಗೆ ಹೋಗಿ, ದೊಡ್ಡ ತೂತಿನಿಂದ ಹೊರಗೆ ಬರುವುದನ್ನು ತೋರಿಸಿದರು.

ಆ ನೀರನ್ನು ತಳ್ಳುವುದು ಒಳಗಿನ ಕೋಟ್ಯಂತರ ಜೀವಕೋಶಗಳು. ಪ್ರತಿ ಕೋಶಕ್ಕೂ ಚಾಟಿಯಂಥ ಒಂದು ಎಳೆ ಇರುತ್ತದೆ, ಅದು ಸದಾ ಬಡಿಯುತ್ತಿರುತ್ತದೆ. ನೀರಿನ ಜೊತೆ ಬರುವ ಬ್ಯಾಕ್ಟೀರಿಯಾ ಮತ್ತು ಸಣ್ಣ ಕಣಗಳೇ ಊಟ. ಕೆಲವು ಸ್ಪಂಜುಗಳು ಮಾತ್ರ ಈ ಸೋಸುವ ಕೆಲಸ ಬಿಟ್ಟು ಬೇಟೆಗೆ ಇಳಿದಿವೆ. ಹಾಗೆ ಬೇಟೆಯಾಡುವ ಸ್ಪಂಜಿದೆ ಅಂತ ವಿಜ್ಞಾನಿಗಳು ವರದಿ ಮಾಡಿದ್ದು 1995ರಲ್ಲಿ, ಮೆಡಿಟರೇನಿಯನ್ ಕಡಲಿನ ಒಂದು ಗುಹೆಯಿಂದ. ಮೇಲೆ ಹೇಳಿದ ಬಿಳಿ ಗುಂಡುಗಳ ಸ್ಪಂಜೂ ಅದೇ ಗುಂಪಿನದು.

ಇದುವರೆಗೆ 9,000ಕ್ಕೂ ಜಾಸ್ತಿ ಸ್ಪಂಜು ಪ್ರಭೇದಗಳಿಗೆ ಹೆಸರಿದೆ. ಹೆಸರಿಲ್ಲದವು ಇನ್ನೂ ಬೇಕಾದಷ್ಟಿವೆ ಅನ್ನುವುದರಲ್ಲಿ ತಜ್ಞರಿಗೆ ಅನುಮಾನವಿಲ್ಲ.

## ನೋಡಿ ಗುರುತಿಸೋಕೆ ಯಾಕೆ ಆಗಲ್ಲ

ಹಕ್ಕಿಯಾದರೆ ಕೊಕ್ಕು, ಪುಕ್ಕ, ಬಣ್ಣ ನೋಡಿ ಹೇಳಬಹುದು. ಸ್ಪಂಜಿನಲ್ಲಿ ಹೊರನೋಟ ಮೋಸ ಮಾಡುತ್ತದೆ. ಒಂದೇ ಪ್ರಭೇದ ಅಲೆ ಜೋರಾಗಿ ಬಡಿಯುವ ಕಡೆ ಬಂಡೆಗೆ ಚಪ್ಪಟೆಯಾಗಿ ಅಂಟಿಕೊಂಡು ಬೆಳೆಯಬಹುದು. ಅದೇ ಪ್ರಭೇದ ನೀರು ಶಾಂತವಾಗಿರುವ ಕಡೆ ಕವಲೊಡೆದು ಎತ್ತರಕ್ಕೆ ನಿಲ್ಲಬಹುದು. ಬಣ್ಣವನ್ನಂತೂ ನಂಬುವ ಹಾಗೇ ಇಲ್ಲ. ನೀರಿನಲ್ಲಿ ಕೆಂಪಗೆ ಹೊಳೆಯುತ್ತಿದ್ದದ್ದು ಆಲ್ಕೋಹಾಲಿಗೆ ಹಾಕಿದ ಮೇಲೆ ಮಾಸಲು ಕಂದು ಬಣ್ಣಕ್ಕೆ ತಿರುಗುತ್ತದೆ. ಮ್ಯೂಸಿಯಂ ಬಾಟಲಿಗಳಲ್ಲಿರುವ ಹಳೇ ಮಾದರಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಬಣ್ಣದವು.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಪಕ್ಕಪಕ್ಕದಲ್ಲಿ ಬೆಳೆದ, ನೋಡೋಕೆ ಒಂದೇ ಥರ ಇರುವ ಎರಡು ಹಳದಿ ಸ್ಪಂಜುಗಳು ಬೇರೆ ಬೇರೆ ಕುಟುಂಬಕ್ಕೆ ಸೇರಿರಬಹುದು. ಅದಕ್ಕೇ ತಜ್ಞರು ಫೋಟೋ ನೋಡಿ ಹೆಸರು ಹೇಳಲು ಹಿಂಜರಿಯುತ್ತಾರೆ. 'ಒಂದು ತುಂಡು ಕೊಡಿ' ಅನ್ನುತ್ತಾರೆ.

## ಗಾಜಿನ ಮುಳ್ಳುಗಳು

ಆ ತುಂಡಿನೊಳಗೆ ನೋಡಬೇಕಾದದ್ದು ಸ್ಪಿಕ್ಯೂಲ್‌ಗಳನ್ನು. ಇವು ಸ್ಪಂಜಿನ ಮೈ ಕುಸಿಯದಂತೆ ಹಿಡಿದಿಡುವ ಸಣ್ಣ ಮುಳ್ಳುಗಳು. ಬಹುಪಾಲು ಸ್ಪಂಜುಗಳಲ್ಲಿ ಇವು ಸಿಲಿಕಾದಿಂದ, ಅಂದರೆ ಗಾಜಿನ ಮೂಲವಸ್ತುವಿನಿಂದ ಆಗಿರುತ್ತವೆ. ಒಂದು ಗುಂಪಿನಲ್ಲಿ ಮಾತ್ರ ಸುಣ್ಣದ ಅಂಶದಿಂದ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಆಗಿರುತ್ತವೆ. ಸ್ನಾನಕ್ಕೆ ಬಳಸುವ ನಿಜವಾದ ಸ್ಪಂಜಿನಲ್ಲಿ ಮುಳ್ಳೇ ಇಲ್ಲ, ಬರೀ ಮೆತ್ತನೆಯ ನಾರು. ಇಲ್ಲದಿದ್ದರೆ ಮೈ ಉಜ್ಜಿಕೊಳ್ಳೋಕೆ ಆಗ್ತಿತ್ತಾ?

ಮುಳ್ಳುಗಳನ್ನು ಹೊರಗೆ ತೆಗೆಯುವ ವಿಧಾನ ಸರಳ. ಅಕ್ಕಿಕಾಳಿನಷ್ಟು ತುಂಡು ಕತ್ತರಿಸಿ ಬ್ಲೀಚಿನಲ್ಲಿ ಹಾಕುತ್ತಾರೆ. ಮಾಂಸದ ಭಾಗವೆಲ್ಲ ಕರಗಿ, ಕೊಳವೆಯ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ. ನೀರಿನಲ್ಲಿ, ಆಮೇಲೆ ಆಲ್ಕೋಹಾಲಿನಲ್ಲಿ ಹಲವು ಸಲ ತೊಳೆದು ಗಾಜಿನ ಪಟ್ಟಿಯ ಮೇಲೆ ಒಣಗಿಸಿ ಮೈಕ್ರೋಸ್ಕೋಪಿನಡಿ ಇಡುತ್ತಾರೆ. ಕೆಲವರು ಬ್ಲೀಚಿನ ಬದಲು ನೈಟ್ರಿಕ್ ಆಸಿಡ್ ಬಳಸುತ್ತಾರೆ. ಸುಣ್ಣದ ಮುಳ್ಳಿನ ಸ್ಪಂಜಿಗೆ ಆಸಿಡ್ ಹಾಕುವಂತಿಲ್ಲ, ಮುಳ್ಳೂ ಕರಗಿಹೋಗುತ್ತದೆ.

ಆ ಬಿಳಿ ಪುಡಿಯಲ್ಲಿ ಇರುವ ವೈವಿಧ್ಯ ನೋಡಬೇಕು. ಎರಡೂ ತುದಿ ಚೂಪಾದ ಕಡ್ಡಿಗಳು, ಒಂದು ತುದಿ ಮೊಂಡಾದವು, ತಲೆಯ ಕಡೆ ಗುಂಡು ಇರುವವು ಸಿಗುತ್ತವೆ. ಇವು ದೊಡ್ಡ ಮುಳ್ಳುಗಳು, ಮೈಯ ಚೌಕಟ್ಟು ಕಟ್ಟುವಂಥವು. ಇವುಗಳ ನಡುವೆ ಇನ್ನೂ ಸಣ್ಣವು ಸಿಗುತ್ತವೆ: ಇಂಗ್ಲಿಷ್ 'ಸಿ' ಅಕ್ಷರದಂತೆ ಬಾಗಿದವು, ನಕ್ಷತ್ರದ ಆಕಾರದವು, ಎರಡೂ ತುದಿಯಲ್ಲಿ ಹಲ್ಲುಗಳಿರುವ ಲಂಗರಿನ ಆಕಾರದವು. ಈ ಲಂಗರಿಗೆ 'ಕೀಲಾ' ಅನ್ನುತ್ತಾರೆ. ಉದ್ದ ಸಾಮಾನ್ಯವಾಗಿ ಕೆಲವು ಹತ್ತು ಮೈಕ್ರಾನ್ ಅಷ್ಟೇ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಒಂದು. ಬೇಟೆಯಾಡುವ ಸ್ಪಂಜುಗಳಲ್ಲಿ ಇಂಥ ಕೊಕ್ಕೆ ಮುಳ್ಳುಗಳಿಗೆ ಸಣ್ಣ ಸಿಗಡಿಯಂಥ ಜೀವಿಗಳ ಕಾಲು ಸಿಕ್ಕಿಕೊಳ್ಳುತ್ತದೆ. ಗಾತ್ರದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಅನ್ನುವಂಥ 'ಮೊನೊರಾಫಿಸ್' ಎಂಬ ಆಳಕಡಲ ಸ್ಪಂಜಿದೆ. ಅದರ ಒಂದೇ ಒಂದು ಮುಳ್ಳು 3 ಮೀಟರಿನವರೆಗೆ ಬೆಳೆಯುತ್ತದೆ!

ಯಾವ ಯಾವ ಬಗೆಯ ಮುಳ್ಳು ಇವೆ, ಎಷ್ಟು ಉದ್ದ, ಎಷ್ಟು ದಪ್ಪ, ಕೀಲಾದ ಎರಡು ತುದಿಯೂ ಒಂದೇ ಥರ ಇವೆಯೋ ಬೇರೆಯೋ, ಹಲ್ಲು ಎಷ್ಟು, ಇದೇ ಸ್ಪಂಜಿನ ಗುರುತು. ಪ್ರತಿ ಬಗೆಯಲ್ಲಿ ಇಪ್ಪತ್ತು ಮೂವತ್ತು ಮುಳ್ಳುಗಳನ್ನಾದರೂ ಅಳೆಯುವುದು ವಾಡಿಕೆ. ಅಷ್ಟಕ್ಕೇ ಮುಗಿಯಲಿಲ್ಲ. ಮುಳ್ಳುಗಳು ಮೈಯೊಳಗೆ ಹೇಗೆ ಜೋಡಣೆಯಾಗಿದ್ದವು ಅನ್ನುವುದು ಬ್ಲೀಚಿನಲ್ಲಿ ಕರಗಿಸಿದ ತುಂಡಿನಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ತುಂಡನ್ನು ಬ್ಲೇಡಿನಲ್ಲಿ ತೆಳ್ಳಗೆ ಸೀಳಿ ನೋಡಬೇಕು. ಆಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳು.

ಇಷ್ಟೆಲ್ಲ ಮಾಡಿದರೂ ಕೆಲವು ಕುಲಗಳು ತಲೆನೋವೇ. 'ಹ್ಯಾಲಿಕ್ಲೋನಾ' ಕುಲದಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ಇರುವುದು ಒಂದೇ ಬಗೆಯ ಸಾದಾ ಕಡ್ಡಿ ಮುಳ್ಳು. ಅದರ ಮೇಲೆ, ನೀರಿನಲ್ಲಿ ಸಿಲಿಕಾ ಕಡಿಮೆ ಇದ್ದರೆ ಅದೇ ಪ್ರಭೇದದ ಮುಳ್ಳು ತೆಳ್ಳಗಾಗುತ್ತದೆ. ಅಳತೆಯಲ್ಲಿ ವ್ಯತ್ಯಾಸ ಕಂಡರೆ ಅದು ಪ್ರಭೇದದ ವ್ಯತ್ಯಾಸವೋ, ನೀರಿನ ವ್ಯತ್ಯಾಸವೋ ಅಂತ ಯೋಚಿಸಬೇಕು.

## ಡಿಎನ್‌ಎ ನೋಡಿದರೆ ಸಾಕಲ್ವಾ?

ಸಹಾಯ ಆಗುತ್ತದೆ, ಆದರೆ ಸಾಕಾಗುವುದಿಲ್ಲ. ಬಹಳ ಪ್ರಾಣಿಗಳಲ್ಲಿ ಪ್ರಭೇದ ಗುರುತಿಸಲು ಮೈಟೊಕಾಂಡ್ರಿಯಾದ ಡಿಎನ್‌ಎಯ ಒಂದು ತುಣುಕನ್ನು ಓದುತ್ತಾರೆ. ಸ್ಪಂಜುಗಳಲ್ಲಿ ಈ ತುಣುಕು ಬಹಳ ನಿಧಾನವಾಗಿ ಬದಲಾಗುತ್ತದೆ. ಹತ್ತಿರದ ಎರಡು ಪ್ರಭೇದಗಳಲ್ಲಿ ಅದು ಒಂದೇ ಆಗಿರಬಹುದು. ಹಾಗಾಗಿ ಬೇರೆ ಜೀನ್‌ಗಳನ್ನೂ ಓದಬೇಕಾಗುತ್ತದೆ.

ಜೊತೆಗೆ, ಸ್ಪಂಜಿನೊಳಗೆ ಸ್ಪಂಜು ಮಾತ್ರ ಇರುವುದಿಲ್ಲ. ಬ್ಯಾಕ್ಟೀರಿಯಾ, ಹುಳು, ಸಣ್ಣ ಸಿಗಡಿ ಎಲ್ಲ ವಾಸವಾಗಿರುತ್ತವೆ. ಓದಿದ ಡಿಎನ್‌ಎ ಯಾರದು ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು.

## 'ಹೊಸದು' ಅನ್ನೋದಕ್ಕೂ ನಿಯಮ ಇದೆ

ಪ್ರಾಣಿಗಳಿಗೆ ಹೆಸರಿಡಲು ಅಂತರರಾಷ್ಟ್ರೀಯ ನಿಯಮಾವಳಿ ಇದೆ. 1758ರಿಂದ ಈಚೆಗೆ ಇಟ್ಟ ಹೆಸರುಗಳು ಅದರ ಲೆಕ್ಕಕ್ಕೆ ಬರುತ್ತವೆ. ಹೊಸ ಹೆಸರು ಮಾನ್ಯವಾಗಬೇಕಾದರೆ ಬರಹದಲ್ಲಿ ವಿವರಣೆ ಪ್ರಕಟವಾಗಬೇಕು. ಯಾವ ಮಾದರಿಯ ಮೇಲೆ ಆ ಹೆಸರು ನಿಂತಿದೆ ಅನ್ನುವುದನ್ನೂ ತೋರಿಸಬೇಕು. ಸಾಮಾನ್ಯವಾಗಿ ಅದು ಒಂದೇ ಮಾದರಿ. ಅದಕ್ಕೆ 'ಹೋಲೋಟೈಪ್' ಅನ್ನುತ್ತಾರೆ. ಮ್ಯೂಸಿಯಂ ಒಂದರಲ್ಲಿ ಸಂಖ್ಯೆ ಹಾಕಿ ಅದನ್ನು ಕಾಪಾಡುತ್ತಾರೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಅದನ್ನೇ ತೆಗೆದು ನೋಡುತ್ತಾರೆ.

ಹೊಸದು ಅನ್ನುವ ಮೊದಲು ಆ ಕುಲದಲ್ಲಿ ಈಗಾಗಲೇ ಹೆಸರಿರುವ ಪ್ರಭೇದಗಳ ಜೊತೆ ಹೋಲಿಸಬೇಕು. ಕೆಲವುದರ ವಿವರಣೆ 1800ರ ದಶಕದ್ದು, ಲ್ಯಾಟಿನ್ನಿನಲ್ಲೋ ಜರ್ಮನ್ನಿನಲ್ಲೋ ನಾಲ್ಕು ಸಾಲು, ಚಿತ್ರ ಕೂಡ ಇಲ್ಲ. ಆಗ ಮೂಲ ಮಾದರಿ ಇರುವ ಮ್ಯೂಸಿಯಮ್ಮಿಗೇ ಹೋಗಬೇಕು, ಇಲ್ಲ ತರಿಸಿಕೊಳ್ಳಬೇಕು. ಎಲ್ಲ ಬಗೆಯ ಜೀವಿಗಳನ್ನು ಸೇರಿಸಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಮಾದರಿ ಸಂಗ್ರಹವಾದಾಗಿನಿಂದ ಅದಕ್ಕೆ ಹೆಸರು ಸಿಗುವವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆ. ಬಿಳಿ ಗುಂಡಿನ ಸ್ಪಂಜಿಗೆ ತಕ್ಷಣ ಹೆಸರಿರಲಿಲ್ಲ ಅನ್ನುವುದರಲ್ಲಿ ಆಶ್ಚರ್ಯವೇನೂ ಇಲ್ಲ.

## ಎಐ ಎಲ್ಲಿ ಕೈಜೋಡಿಸುತ್ತದೆ

ಮೊದಲನೆಯದು ವಿಡಿಯೋ ನೋಡುವ ಕೆಲಸ. ಆಳಕಡಲಿಗೆ ಇಳಿಸುವ ಯಂತ್ರಗಳು ಗಂಟೆಗಟ್ಟಲೆ ವಿಡಿಯೋ ತರುತ್ತವೆ. ಅದರಲ್ಲಿ ಬಹುಪಾಲು ಬರೀ ಕೆಸರು. ಜೀವಿ ಕಂಡ ಜಾಗವನ್ನು ಎತ್ತಿ ತೋರಿಸುವ ಕೆಲಸವನ್ನು ಎಐ ಚೆನ್ನಾಗಿ ಮಾಡುತ್ತದೆ. ಇಂಥ ಎಐಗೆ ಕಲಿಸಲೆಂದೇ ತಜ್ಞರು ಗುರುತು ಹಾಕಿದ ಚಿತ್ರಗಳನ್ನು ಕೂಡಿಡುವ 'ಫ್ಯಾಥಮ್‌ನೆಟ್' ಎಂಬ ಮುಕ್ತ ಸಂಗ್ರಹವಿದೆ. ಹವಳದ ದಿಬ್ಬಗಳ ಫೋಟೋಗಳಲ್ಲಿ ಎಷ್ಟು ಭಾಗ ಹವಳ, ಎಷ್ಟು ಪಾಚಿ, ಎಷ್ಟು ಸ್ಪಂಜು ಅಂತ ಲೆಕ್ಕ ಹಾಕಲು 'ಕೋರಲ್‌ನೆಟ್' ಬಳಕೆಯಲ್ಲಿದೆ. ಇಲ್ಲಿ ಪ್ರಭೇದ ಗೊತ್ತಾಗಲೇಬೇಕಂತಿಲ್ಲ. 'ಸ್ಪಂಜು' ಅಂತ ಗೊತ್ತಾದರೂ ಕೆಲಸ ನಡೆಯುತ್ತದೆ.

ಎರಡನೆಯದು ಅಳತೆ. ಚಿತ್ರದಲ್ಲಿರುವ ವಸ್ತುವಿನ ಅಂಚು ಹಿಡಿದು ಬೇರ್ಪಡಿಸುವ ಎಐ ಈಗ ಸುಲಭವಾಗಿ ಸಿಗುತ್ತದೆ. ಮೆಟಾ ಕಂಪನಿ 2023ರಲ್ಲಿ ಬಿಟ್ಟ 'ಸೆಗ್ಮೆಂಟ್ ಎನಿಥಿಂಗ್' ಅಂಥದ್ದೊಂದು. ಮುಳ್ಳಿನ ಅಂಚು ಸಿಕ್ಕಿದರೆ ಉದ್ದ, ದಪ್ಪ ತೆಗೆಯುವುದು ಕಂಪ್ಯೂಟರಿಗೆ ಸಣ್ಣ ಕೆಲಸ. ಇಪ್ಪತ್ತು ಮೂವತ್ತರ ಬದಲು ಸಾವಿರ ಮುಳ್ಳು ಅಳೆಯಬಹುದು. ಒಂದರ ಮೇಲೊಂದು ಬಿದ್ದ ಮುಳ್ಳುಗಳನ್ನೂ, ಮುರಿದ ಮುಳ್ಳುಗಳನ್ನೂ ಮಾತ್ರ ಮನುಷ್ಯರು ಕಣ್ಣಾಡಿಸಿ ತೆಗೆಯಬೇಕು. ಮುರಿದದ್ದನ್ನು ಪೂರ್ತಿ ಮುಳ್ಳು ಅಂತ ಲೆಕ್ಕ ಹಾಕಿದರೆ ಸರಾಸರಿಯೇ ತಪ್ಪುತ್ತದೆ. ನನ್ನ ಲೆಕ್ಕದಲ್ಲಿ ಎಐಯಿಂದ ಅತಿ ದೊಡ್ಡ ಉಪಕಾರ ಇದೇ, ಸುದ್ದಿಯಾಗುವುದು ಮಾತ್ರ ಬೇರೆ.

## ಪಟ್ಟಿಯಲ್ಲಿ ಇಲ್ಲದ್ದು ಬಂದಾಗ

ಸುದ್ದಿಯಾಗುವುದು 'ಎಐ ಹೊಸ ಪ್ರಭೇದ ಕಂಡುಹಿಡಿಯಿತು' ಅನ್ನುವ ಮಾತು. ಇಲ್ಲೊಂದು ಮೂಲಭೂತ ತೊಡಕಿದೆ.

ಚಿತ್ರ ಗುರುತಿಸುವ ಎಐಗೆ ಮೊದಲು ಹೆಸರು ಬರೆದ ಸಾವಿರಾರು ಚಿತ್ರಗಳನ್ನು ತೋರಿಸಿ ಕಲಿಸುತ್ತಾರೆ. ಐವತ್ತು ಪ್ರಭೇದ ಕಲಿಸಿದರೆ ಅದಕ್ಕೆ ಗೊತ್ತಿರುವುದು ಆ ಐವತ್ತೇ. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಗೂಡುಗಳನ್ನು ನೆನಪಿಸಿಕೊಳ್ಳಿ. ಇರುವುದು ಐವತ್ತು ಗೂಡು. ಪ್ರತಿ ಪತ್ರವನ್ನೂ ಯಾವುದಾದರೂ ಗೂಡಿಗೆ ಹಾಕಲೇಬೇಕು ಅಂತ ಅಪ್ಪಣೆಯಾಗಿದೆ. ಐವತ್ತೊಂದನೇ ವಿಳಾಸದ ಪತ್ರ ಬಂದರೆ, ವಿಂಗಡಿಸುವವನು ಹೆಚ್ಚು ಹೋಲುವ ವಿಳಾಸದ ಗೂಡಿಗೆ ತುರುಕುತ್ತಾನೆ. ಸಾಮಾನ್ಯ ಎಐ ಮಾಡುವುದೂ ಅದನ್ನೇ.

'ಶೇ. 92 ಖಚಿತ' ಅಂತ ಅದು ಅಂಕಿ ಕೊಟ್ಟರೂ, ಆ ಅಂಕಿ ತನಗೆ ಗೊತ್ತಿರುವ ಹೆಸರುಗಳ ನಡುವೆ ಮಾತ್ರ ಹಂಚಿದ್ದು. ಎಲ್ಲ ಸೇರಿ ನೂರಾಗಬೇಕು, ಅಷ್ಟೇ. 'ಇದ್ಯಾವುದೂ ಅಲ್ಲ' ಅನ್ನುವ ಆಯ್ಕೆಗೆ ಅಲ್ಲಿ ಜಾಗವೇ ಇರುವುದಿಲ್ಲ. ಹಾಗಾಗಿ ಹೊಸ ಸ್ಪಂಜು ಕಣ್ಣೆದುರೇ ಬಂದರೂ, ಹಳೇ ಹೆಸರು ಹೊತ್ತು ದಾಟಿಹೋಗಬಹುದು.

ಇದಕ್ಕೆ ಪರಿಹಾರ ಹುಡುಕಿಲ್ಲ ಅಂತಲ್ಲ. ಚಿತ್ರಗಳನ್ನು ಹೆಸರಿನ ಬದಲು ಹೋಲಿಕೆಯ ಮೇಲೆ ಗುಂಪು ಮಾಡಿಸಬಹುದು. ಯಾವ ಗುಂಪಿಗೂ ಹತ್ತಿರವಿಲ್ಲದ್ದು ಕಂಡರೆ 'ಇದನ್ನು ನೋಡಿ' ಅಂತ ಎತ್ತಿಡುವಂತೆ ಮಾಡಬಹುದು. ಹಾಗೆ ಎತ್ತಿಟ್ಟದ್ದರಲ್ಲಿ ಮಣ್ಣು ಮೆತ್ತಿದ ಹಳೇ ಸ್ಪಂಜು, ಅರ್ಧ ಸತ್ತದ್ದು, ಬೆಳಕು ಸರಿಯಿಲ್ಲದ ಚಿತ್ರ ಎಲ್ಲ ಇರುತ್ತವೆ. ನಿಜವಾಗಿ ಹೊಸದೂ ಇರಬಹುದು. ಬೇರೆ ಥರ ಕಾಣುವುದು ಒಂದು, ಬೇರೆ ಪ್ರಭೇದ ಆಗಿರುವುದು ಇನ್ನೊಂದು. ಎರಡನೆಯದಕ್ಕೆ ಮತ್ತೆ ಅದೇ ಬ್ಲೀಚು, ಅದೇ ಮುಳ್ಳು, ಅದೇ ಹೋಲೋಟೈಪ್ ಬೇಕು.

## ಡಿಸೈನರ್ ಮೇಜಿಗೆ ಬಂದಾಗ

ಹೊಸ ಪ್ರಭೇದದ ಲೇಖನದಲ್ಲಿ ಒಂದು ಪುಟ ಎಲ್ಲರ ಕಣ್ಣು ಸೆಳೆಯುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಮುಳ್ಳುಗಳನ್ನು ಬಗೆಬಗೆಯಾಗಿ ಜೋಡಿಸಿ, ಪಕ್ಕದಲ್ಲಿ ಅಳತೆಯ ಗೆರೆ ಹಾಕಿದ ಚಿತ್ರಫಲಕ ಅದು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರದಿಂದ ಒಂದೊಂದೇ ಮುಳ್ಳನ್ನು ಕತ್ತರಿಸಿ ತೆಗೆದು ಕೂಡಿಸಬೇಕು. ಕೆಲವು ಕಡೆ ವಿಜ್ಞಾನಿಗಳೇ ಮಾಡುತ್ತಾರೆ, ಕೆಲವು ಕಡೆ ಡಿಸೈನರ್‌ಗಳು.

ಈ ಕೆಲಸಕ್ಕೂ ಎಐ ಬಂದಿದೆ. ಹಿನ್ನೆಲೆ ತೆಗೆಯುವುದು ಮೊದಲು ಬೆರಳು ನೋಯುವ ಕೆಲಸವಾಗಿತ್ತು. ಈಗ ಒಂದು ಕ್ಲಿಕ್ ಸಾಕು. ಇದರಿಂದ ದೊಡ್ಡ ತೊಂದರೆಯಿಲ್ಲ. ಅಂಚಿನಲ್ಲಿ ಸಣ್ಣ ಮುಳ್ಳುಗಳೇನಾದರೂ ಕತ್ತರಿಸಿಹೋಗಿವೆಯಾ ಅಂತ ಮೂಲ ಚಿತ್ರದ ಜೊತೆ ತಾಳೆ ನೋಡಿದರೆ ಆಯಿತು.

ತೊಂದರೆ ಇರುವುದು ಇನ್ನೆರಡು ಸೌಲಭ್ಯಗಳಲ್ಲಿ. ಒಂದು, ಮಸುಕು ಚಿತ್ರವನ್ನು ಚೂಪು ಮಾಡಿ ದೊಡ್ಡದಾಗಿಸುವುದು. ಇನ್ನೊಂದು, ಖಾಲಿ ಜಾಗ ತುಂಬುವುದು. 2023ರ ಮೇ ತಿಂಗಳಲ್ಲಿ ಫೋಟೋಶಾಪಿಗೆ ಬಂದ 'ಜೆನೆರೇಟಿವ್ ಫಿಲ್' ಈ ಎರಡನೆಯ ಬಗೆಯದು. ಇವು ಚಿತ್ರದಲ್ಲಿ ಇಲ್ಲದ ವಿವರವನ್ನು ಎಲ್ಲಿಂದ ತರುತ್ತವೆ? ಹಿಂದೆ ನೋಡಿದ ಅಸಂಖ್ಯ ಚಿತ್ರಗಳಿಂದ, 'ಇಲ್ಲಿ ಏನಿದ್ದರೆ ಸಹಜವಾಗಿ ಕಾಣುತ್ತದೆ' ಎಂದು ಊಹಿಸಿ. ಪೋಸ್ಟರಿನಲ್ಲಿ ಆಕಾಶ ಸ್ವಲ್ಪ ಅಗಲ ಮಾಡಲು ಈ ಊಹೆ ಸಾಕು. ಯಾರೂ ಆ ಮೋಡವನ್ನು ಅಳೆಯುವುದಿಲ್ಲ.

ಕೀಲಾ ಮುಳ್ಳಿನ ವಿಷಯ ಹಾಗಲ್ಲ. ತುದಿಯಲ್ಲಿ ಮೂರು ಹಲ್ಲೋ ಐದು ಹಲ್ಲೋ ಅನ್ನುವುದರ ಮೇಲೆ ಪ್ರಭೇದ ನಿಲ್ಲಬಹುದು. ಮಸುಕಾಗಿದ್ದ ತುದಿಗೆ ಸಾಫ್ಟ್‌ವೇರ್ ಅಂದವಾಗಿ ಒಂದು ಹಲ್ಲು ಕೂಡಿಸಿಬಿಟ್ಟರೆ? ಮುರಿದ ಮುಳ್ಳಿಗೆ ಸುಮ್ನೆ ಚೂಪು ತುದಿ ಬರೆದುಬಿಟ್ಟರೆ? ನೋಡುವವರಿಗೆ ಗೊತ್ತೇ ಆಗುವುದಿಲ್ಲ. ನೂರು ವರ್ಷದ ನಂತರ ಹೋಲಿಸಲು ಬಂದವರು, ಕಡಲಲ್ಲಿ ಎಂದೂ ಇಲ್ಲದ ಮುಳ್ಳಿನ ಜೊತೆ ಹೋಲಿಸುತ್ತಾ ಕೂರಬೇಕಾಗುತ್ತದೆ. ಇಲ್ಲಿ ಚಿತ್ರ ಅಲಂಕಾರಕ್ಕಲ್ಲ, ಸಾಕ್ಷಿಗೆ. 'ನೇಚರ್' ಪತ್ರಿಕೆ ಎಐ ಸೃಷ್ಟಿಸಿದ ಚಿತ್ರಗಳನ್ನು ಪ್ರಕಟಿಸುವುದಿಲ್ಲ ಅಂತ 2023ರಲ್ಲೇ ಹೇಳಿದ್ದು ಇದಕ್ಕೇ. ಇಡೀ ಚಿತ್ರಕ್ಕೆ ಒಂದೇ ಸಮ ಬೆಳಕು ಹೆಚ್ಚಿಸುವುದು, ಹಿನ್ನೆಲೆ ತೆಗೆದಿದ್ದೇವೆ ಅಂತ ಹೇಳಿ ತೆಗೆಯುವುದು ಸಾಮಾನ್ಯವಾಗಿ ಒಪ್ಪಿತ. ಮೂಲ ಫೈಲನ್ನು ಮುಟ್ಟದೆ ಬೇರೆಯಾಗಿ ಇಡಬೇಕು.

## ಅದೇ ಊಹೆ ಬೇಕಾಗುವ ಜಾಗ

ಸ್ಪಂಜನ್ನು ನೋಡಿ ವಸ್ತು, ಕಟ್ಟಡ ವಿನ್ಯಾಸ ಮಾಡುವವರಿಗೆ ಮಾತ್ರ ಊಹೆ ಬೇಕೇ ಬೇಕು. 'ಯೂಪ್ಲೆಕ್ಟೆಲ್ಲಾ' ಎಂಬ ಆಳಕಡಲ ಸ್ಪಂಜಿನ ಅಸ್ಥಿಪಂಜರ ಗಾಜಿನ ಎಳೆಗಳಿಂದ ನೇಯ್ದ ಕೊಳವೆ. ಚೌಕಚೌಕದ ಜಾಲರಿ, ಅದರ ಮೇಲೆ ಓರೆಯಾಗಿ ಹಾದುಹೋದ ಜೋಡಿ ಪಟ್ಟಿಗಳು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಈ ಜೋಡಣೆಯನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾಗ್ರಿ ಜಾಸ್ತಿ ಬಳಸದೆ, ಓರೆ ಪಟ್ಟಿಗಳನ್ನು ಸ್ಪಂಜಿನಂತೆ ಜೋಡಿಸಿದರೆ ಜಾಲರಿಯ ಬಲ ಶೇ. 20ಕ್ಕಿಂತ ಹೆಚ್ಚಾಗುತ್ತದೆ ಅಂತ ಕಂಡುಬಂತು.

ಇಂಥ ಕಡೆ ಡಿಸೈನರ್ ತೂಕ ಎಷ್ಟು ಹೊರಬೇಕು, ಸಾಮಾಗ್ರಿ ಎಷ್ಟಿದೆ ಅಂತ ಹೇಳಿದರೆ ಕಂಪ್ಯೂಟರ್ ಸಾವಿರಾರು ಜೋಡಣೆಗಳನ್ನು ಹುಟ್ಟಿಸಿ ತೋರಿಸುತ್ತದೆ. ಇಲ್ಲದ್ದನ್ನು ಹುಟ್ಟಿಸುವುದೇ ಕೆಲಸ. ಸರಿಯೋ ತಪ್ಪೋ ಅಂತ ಆಮೇಲೆ ಭಾರ ಹಾಕಿ ನೋಡಬಹುದು. ಚಿತ್ರಫಲಕದಲ್ಲಿ ಅಪರಾಧವಾದದ್ದು ಇಲ್ಲಿ ಸಂಬಳ ತರುವ ಕೆಲಸ.

## ಹೆಸರು ಯಾಕೆ ಇಷ್ಟು ಮುಖ್ಯ

ಔಷಧಿಯ ವಿಷಯ ತೆಗೆದುಕೊಳ್ಳಿ. 1950ರ ದಶಕದ ಆರಂಭದಲ್ಲಿ ಕೆರಿಬಿಯನ್ ಕಡಲಿನ ಸ್ಪಂಜೊಂದರಲ್ಲಿ ವಿಚಿತ್ರ ರಾಸಾಯನಿಕಗಳು ಸಿಕ್ಕವು. ಅವುಗಳ ಜಾಡು ಹಿಡಿದು ಬಂದ 'ಸೈಟರಬಿನ್' ರಕ್ತದ ಕ್ಯಾನ್ಸರಿಗೆ ಕೊಡುವ ಔಷಧಿ, ಅಮೆರಿಕದಲ್ಲಿ 1969ರಲ್ಲಿ ಒಪ್ಪಿಗೆ ಪಡೆಯಿತು. ಜಪಾನಿನ ಸ್ಪಂಜೊಂದರ ರಾಸಾಯನಿಕದ ಮಾದರಿಯಲ್ಲಿ ಮಾಡಿದ 'ಎರಿಬುಲಿನ್' ಸ್ತನ ಕ್ಯಾನ್ಸರಿಗೆ 2010ರಲ್ಲಿ ಒಪ್ಪಿಗೆ ಪಡೆಯಿತು. ರಾಸಾಯನಿಕ ಸಿಕ್ಕ ಸ್ಪಂಜು ಯಾವುದು ಅಂತ ಸರಿಯಾಗಿ ಬರೆದಿಡದಿದ್ದರೆ, ಮತ್ತೆ ಅದೇ ಸ್ಪಂಜನ್ನು ಹುಡುಕುವುದು ಹೇಗೆ?

ಗಣಿಗಾರಿಕೆಯ ವಿಷಯ ಇನ್ನೂ ಹತ್ತಿರದ್ದು. ಹವಾಯಿ ಮತ್ತು ಮೆಕ್ಸಿಕೊ ನಡುವಿನ ಪೆಸಿಫಿಕ್ ತಳದಲ್ಲಿ ನಿಕಲ್, ಕೋಬಾಲ್ಟ್ ಇರುವ ಲೋಹದ ಗಂಟುಗಳು ಹರಡಿವೆ. ಅವನ್ನು ಎತ್ತಲು ತಯಾರಿ ನಡೆದಿದೆ. ಅಲ್ಲಿ ಕಂಡ 5,500ಕ್ಕೂ ಹೆಚ್ಚು ಪ್ರಾಣಿ ಪ್ರಭೇದಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತಕ್ಕೆ ಹೆಸರಿಲ್ಲ ಅಂತ 2023ರ ಅಧ್ಯಯನ ಅಂದಾಜು ಮಾಡಿತು. ಆ ಗಂಟುಗಳ ಮೇಲೆಯೇ ಬೆಳೆಯುವ ಕೆಲವೇ ಮಿಲಿಮೀಟರಿನ ಬಿಳಿ ಸ್ಪಂಜು 'ಪ್ಲೆನಾಸ್ಟರ್ ಕ್ರೇಗಿ'. ಅಲ್ಲಿ ಯಥೇಚ್ಛವಾಗಿದ್ದರೂ ಅದಕ್ಕೆ ಹೆಸರು ಸಿಕ್ಕಿದ್ದು 2017ರಲ್ಲಿ. ಗಂಟು ಎತ್ತಿದರೆ ಅದರ ಮನೆಯೇ ಹೋಗುತ್ತದೆ. ಹೆಸರಿದ್ದರೆ ಎಲ್ಲೆಲ್ಲಿದೆ, ಎಷ್ಟಿದೆ ಅಂತ ಬೇರೆ ಬೇರೆ ಹಡಗಿನವರು ತಂದ ಲೆಕ್ಕವನ್ನು ಕೂಡಿಸಿ ನೋಡಬಹುದು. ಇಲ್ಲದಿದ್ದರೆ ಒಬ್ಬರ 'ಬಿಳಿ ಸ್ಪಂಜು 1' ಇನ್ನೊಬ್ಬರ 'ಸ್ಪಂಜು 7' ಆಗಿರುತ್ತದೆ.

ಮುಂದಿನ ಸಲ 'ಹೊಸ ಸ್ಪಂಜು ಪತ್ತೆ' ಅಂತ ಸುದ್ದಿ ಬಂದರೆ ಎರಡು ವಿಷಯ ಹುಡುಕಿ: ಎರಡು ಪದಗಳ ಪೂರ್ತಿ ಹೆಸರಿದೆಯಾ, ಮಾದರಿ ಯಾವ ಮ್ಯೂಸಿಯಮ್ಮಿನಲ್ಲಿದೆ ಅಂತ ಹೇಳಿದ್ದಾರಾ. ಎರಡೂ ಇದ್ದರೆ 'ವರ್ಲ್ಡ್ ಪೊರಿಫೆರಾ ಡೇಟಾಬೇಸ್'ನಲ್ಲಿ ಆ ಹೆಸರನ್ನು ಹುಡುಕಿ ನೋಡಬಹುದು. ಅದು ಎಲ್ಲರಿಗೂ ಉಚಿತ. ಯಾರು, ಯಾವ ವರ್ಷ ಹೆಸರಿಟ್ಟರು, ಆ ಹೆಸರು ಈಗಲೂ ಮಾನ್ಯವೋ ಇಲ್ಲ ಬೇರೆ ಪ್ರಭೇದದ ಜೊತೆ ಸೇರಿಹೋಗಿದೆಯೋ ಅನ್ನುವುದು ಅಲ್ಲಿ ಸಿಗುತ್ತದೆ.